ಓಣಂ ಊಟಕ್ಕೆ ಬೇಸಿಗೆಯ ಬೆಳೆ

ಓಣಂ ಹಬ್ಬಕ್ಕೆ ಮನೆಯಲ್ಲೇ ಬೆಳೆದ ಒಂದು ಮೊರ ತರಕಾರಿ ಇರಲಿ ಎಂಬುದು ಕೇರಳ ಕೃಷಿ ಇಲಾಖೆಯ 'ಓಣತ್ತಿನ್ ಒರು ಮುರಂ ಪಚ್ಚಕ್ಕರಿ' ಯೋಜನೆಯ ಆಶಯ. ಆಶಯ ಒಳ್ಳೆಯದೇ, ತಪ್ಪಿರುವುದು ಅದರ ಪಂಚಾಂಗ. ಓಣಂ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಕಾಯಿ ಕೈಗೆ ಸಿಗಬೇಕಾದರೆ ಮುಂಗಾರು ಜಡಿಯುವ ಜೂನ್‌ನಲ್ಲೇ ಬೀಜ ಹಾಕಬೇಕು. ಸೆಕೆಯ ನಾಡೆಂದರೆ ಬಿಸಿಲಿಗೇ ಹೆದರುವುದು ನಮ್ಮ ರೂಢಿ. ಆದರೆ ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಹಗಲಿನ ಉಷ್ಣಾಂಶ ವರ್ಷವಿಡೀ 30 ಡಿಗ್ರಿಯ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಅಲ್ಲಿ ಋತುವನ್ನು ನಿರ್ಧರಿಸುವುದು ಮಳೆ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ಮಳೆಗೆ ತಾರಸಿಯ ಗ್ರೋಬ್ಯಾಗಿನ ಹಿಡಿ ಮಣ್ಣಿನಿಂದ ಗೊಬ್ಬರದ ಸಾರವೆಲ್ಲ ತೊಳೆದುಹೋಗುತ್ತದೆ. ಜೇನುಹುಳು ಹೊರಬೀಳದ ದಿನಗಳಲ್ಲಿ ಹಾಗಲದ ಹೆಣ್ಣುಹೂಗಳು ಕಾಯಿಕಟ್ಟದೆ ಉದುರುತ್ತವೆ. ಹುಳಿಮಣ್ಣಿನ ಟೊಮೆಟೊ ಗಿಡ ದುಂಡಾಣು ಸೊರಗು ರೋಗಕ್ಕೆ ನಿಂತಲ್ಲೇ ಬಾಡುತ್ತದೆ. ಕೆಂಪು ಹರಿವೆಗೆ ಎಲೆಚುಕ್ಕೆ ರೋಗ. ಕೇರಳ ಕೃಷಿ ವಿಶ್ವವಿದ್ಯಾಲಯವೇ ಮಳೆಗಾಲದಲ್ಲಿ ತನ್ನ ಜನಪ್ರಿಯ ಕೆಂಪು ತಳಿ 'ಅರುಣ್' ಒಂದನ್ನೇ ಹಾಕದೆ, ರೋಗ ತಡೆಯುವ ಹಸಿರು 'ಸಿಒ-1' ಜೊತೆ ಬೆರೆಸಿ ಬಿತ್ತಿ ಎನ್ನುತ್ತದೆ.

ಮಳೆಗಾಲದಲ್ಲಿ ಏನೂ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಬೆಂಡೆ ಬೆಳೆಯುತ್ತದೆ, ಅದೂ ಚೆನ್ನಾಗಿ. ಬೇಸಿಗೆಯಲ್ಲಿ ಬಿಳಿ ನೊಣ ಹರಡುವ ಹಳದಿ ನಂಜು ರೋಗ ಮಳೆಯಲ್ಲಿ ಕಡಿಮೆ. ಕೆಸು, ಬಸಳೆ, ಚಕ್ರಮುನಿ ಕೇಳದೆಯೂ ಹಬ್ಬುತ್ತವೆ. ಪಾಲಿಥೀನ್ ಮಾಡು ಕಟ್ಟಿದರೆ ಟೊಮೆಟೊವನ್ನೂ ಉಳಿಸಿಕೊಳ್ಳಬಹುದು, ಆದರೆ ಹತ್ತಾರು ಚೀಲಗಳ ತೋಟಕ್ಕೆ ಆ ಖರ್ಚು ಹೊಂದುವುದು ಕಷ್ಟ, ಗಾಳಿಗೆ ಹಾಳೆ ಹಾರಿದರೆ ನೆರೆಮನೆಯವರ ಜೊತೆ ಜಗಳ ಬೇರೆ. ಹೊಸದಾಗಿ ಕೈಹಚ್ಚುವವರನ್ನು ಇಷ್ಟು ಕಷ್ಟದ ತಿಂಗಳಲ್ಲಿ ಇಳಿಸಿದರೆ ಮುಂದಿನ ವರ್ಷ ಅವರು ಬೀಜ ಮುಟ್ಟುವುದು ಅನುಮಾನ.

ಹಾಗಾದರೆ ಹಬ್ಬದ ಊಟ? ಓಲನ್‌ಗೆ ಬೇಕಾದ ಬೂದುಗುಂಬಳ, ಎರಿಶ್ಶೇರಿಗೆ ಹಾಕುವ ಸಿಹಿಗುಂಬಳ ಬಲಿತ ಮೇಲೆ ತಿಂಗಳುಗಟ್ಟಲೆ ಕೆಡದಂಥವು. ವಿಷುವಿನ ಕಣಿಗೆ ಇಡುವ ಹೊಂಬಣ್ಣದ ವೆಳ್ಳರಿ ನಮ್ಮ ಮಂಗಳೂರು ಸೌತೆಯ ಬಳಗದ್ದೇ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗಹಾಕಿ, ಮಳೆಗಾಲ ಪೂರ್ತಿ ಅದರ ಹುಳಿ, ಸಾಂಬಾರು ಉಣ್ಣುವ ಪದ್ಧತಿ ಕಾಸರಗೋಡು, ದಕ್ಷಿಣ ಕನ್ನಡಗಳಿಗೆ ಹೊಸತಲ್ಲ. ಫ್ಲ್ಯಾಟಿಗೆ ಅಟ್ಟವಿಲ್ಲ, ನಿಜ. ಆದರೆ ಗಾಳಿಯಾಡುವ ಒಣ ಮೂಲೆಯಿದ್ದರೂ ಒಂದೆರಡು ಕಾಯಿ ಉಳಿಯುತ್ತವೆ. ಬೇಸಿಗೆಗೆ ನೀರೆಲ್ಲಿ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯದು. ನಳ್ಳಿ ಆಗಾಗ ಕೈಕೊಡುವ ಕೊಚ್ಚಿಯಲ್ಲಂತೂ ಹೌದು. ಚೀಲದ ತಳದಿಂದ ಬತ್ತಿ ಇಳಿಬಿಟ್ಟು ಕೆಳಗಿನ ಪೈಪಿನಿಂದ ನೀರು ಹೀರಿಸುವ 'ತಿರಿನನ' ಕೇರಳದಲ್ಲಿ ಈಗಾಗಲೇ ಬಳಕೆಯಲ್ಲಿದೆ. ಸೊಪ್ಪು, ಅಲಸಂದೆ, ಬದನೆಗಳನ್ನು ಮಳೆ ಇಳಿದೊಡನೆ ಹಾಕಿದರೆ ಮಾರ್ಚ್‌ನ ಬಿಸಿಲೇರುವ ಮೊದಲೇ ಅವುಗಳ ಹೆಚ್ಚಿನ ಕೊಯ್ಲು ಮುಗಿದಿರುತ್ತದೆ.

ಒಂದೇ ಪಂಚಾಂಗ ಎರಡೂ ನಗರಗಳಿಗೆ ಒಗ್ಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ತಿರುವನಂತಪುರದ ಜೂನ್ ಮಳೆ ಕೊಚ್ಚಿಯದರ ಅರ್ಧದಷ್ಟು. ಅಲ್ಲಿ ಬೆಂಡೆ, ಹಸಿಮೆಣಸನ್ನು ಓಣಂಗೆಂದೇ ಹಾಕಿದರೆ ಅಷ್ಟೇನೂ ಮೋಸವಿಲ್ಲ. ಅಲ್ಲಿ ಕಾಡುವುದು ಅಕ್ಟೋಬರ್-ನವೆಂಬರಿನ ತುಲಾವರ್ಷ, ಸಂಜೆಯ ಗುಡುಗಿನೊಂದಿಗೆ ಬರುವ ಹಿಂಗಾರು. ಆದ್ದರಿಂದ ಕೊಚ್ಚಿಯಲ್ಲಿ ಅಕ್ಟೋಬರ್ ಕೊನೆಗೆ ಹಂಚಬಹುದಾದ ಸಸಿಗಳನ್ನು ತಿರುವನಂತಪುರದ ಕೃಷಿ ಭವನಗಳು, ಅಂದರೆ ಇಲಾಖೆಯ ಸ್ಥಳೀಯ ಕಚೇರಿಗಳು, ಇನ್ನೂ ಮೂರ್ನಾಲ್ಕು ವಾರ ನೆರಳಿನಲ್ಲೇ ಇಟ್ಟುಕೊಳ್ಳುವುದು ಲೇಸು.