ಅಣ್ಣನ ಶಾಕ್ ತಮ್ಮನಿಗೆ ಹೊಂದೀತೆ?

310 ಬೈಕುಗಳ ಹಿಂಬದಿ ಬಿಡಿಭಾಗ ಅದಲು ಬದಲು: ಬೋಲ್ಟ್ ಕೂತರಷ್ಟೇ ಸಾಲದು

ಹೊಸೂರು: ಒಂದೇ ಊರಿನ ಕಾರ್ಖಾನೆ, ಒಂದೇ ಬಗೆಯ ಎಂಜಿನ್, ಒಂದೇ ಮನೆತನದ ಬೈಕುಗಳು. ಹಾಗಿದ್ದ ಮೇಲೆ ಅಣ್ಣನ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ತಮ್ಮನಿಗೆ ಹಾಕಿದರೆ ತಪ್ಪೇನು? ಸ್ಪೋರ್ಟ್ಸ್ ಬೈಕಿನ ಹುಚ್ಚು ಹತ್ತಿಸಿಕೊಂಡ ಹುಡುಗರಿಗೆ ಏಳುವ ಪ್ರಶ್ನೆ ಇದು. 'ಬೋಲ್ಟ್ ಕೂತ್ಕೊಂಡ್ರೆ ಆಯ್ತಲ್ಲ, ಇನ್ನೇನು?' ಅನ್ನೋದು ಸುಲಭ. ಆದರೆ ಬೋಲ್ಟ್ ಕೂತ ಮೇಲೆ ಹ್ಯಾಂಡಲ್, ಚೈನ್, ಸ್ಟ್ಯಾಂಡ್, ಹೆಡ್‌ಲೈಟ್ ಒಂದೊಂದಾಗಿ ತಕರಾರು ತೆಗೆಯುತ್ತವೆ.

ಹೊಸೂರಿಗೂ ದ್ವಿಚಕ್ರ ವಾಹನಕ್ಕೂ ಹಳೆಯ ನಂಟು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇಲ್ಲಿಂದಲೇ. 2013ರಲ್ಲಿ ಟಿವಿಎಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯು ಕೈಜೋಡಿಸಿದವು. ಅದರ ಫಲವಾಗಿ 2017ರ ಡಿಸೆಂಬರ್‌ನಲ್ಲಿ ಅಪಾಚೆ ಆರ್‌ಆರ್ 310, 2018ರ ಜುಲೈನಲ್ಲಿ ಬಿಎಂಡಬ್ಲ್ಯು ಜಿ 310 ಆರ್ ಮತ್ತು ಜಿ 310 ಜಿಎಸ್ ಭಾರತದ ರಸ್ತೆಗಿಳಿದವು. ಜಿ 310 ಆರ್‌ಆರ್ 2022ರಲ್ಲಿ, ಅಪಾಚೆ ಆರ್‌ಟಿಆರ್ 310 2023ರಲ್ಲಿ ಸೇರಿಕೊಂಡವು. ಎಲ್ಲವಕ್ಕೂ ಒಂದೇ ಮೂಲದ ಎಂಜಿನ್. ಅದರ ಸಿಲಿಂಡರ್ ಹಿಂದಕ್ಕೆ ವಾಲಿದೆ. ಇದರಿಂದ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಉದ್ದವಾಗಿರಲು ಜಾಗ ಸಿಕ್ಕಿದೆ.

ಒಂದೇ ರಕ್ತ, ಬೇರೆ ಗುಣ

ಜಿ 310 ಆರ್ ಪೇಟೆಯ ರಸ್ತೆಗೆ, ಜಿಎಸ್ ಕಲ್ಲುಮಣ್ಣಿನ ಹಾದಿಗೂ ಆಗುವಂಥದ್ದು. 2018ರ ಮಾದರಿಗಳ ಲೆಕ್ಕ ನೋಡಿ. ಆರ್ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಅಳತೆ 131 ಮಿ.ಮೀ. ಜಿಎಸ್‌ನಲ್ಲಿ ಅದು 180 ಮಿ.ಮೀ. ಸೀಟಿನ ಎತ್ತರ ಆರ್‌ಗೆ 785, ಜಿಎಸ್‌ಗೆ 835 ಮಿ.ಮೀ. ಆರ್‌ನ ಮುಂದಿನ ಚಕ್ರ 17 ಇಂಚು, ಜಿಎಸ್‌ನದು 19 ಇಂಚು.

ಹಳ್ಳಿ ದಾರಿಯ ಗುಂಡಿ, ಹಂಪ್‌ಗಳಿಗೆ ಬೇಸತ್ತ ಆರ್ ಮಾಲೀಕನಿಗೆ ಜಿಎಸ್ ಶಾಕ್ ಮೇಲೆ ಕಣ್ಣು. ಕಾಲು ನೆಲಕ್ಕೆ ಎಟುಕದ ಜಿಎಸ್ ಮಾಲೀಕನಿಗೆ ಆರ್ ಶಾಕ್ ಆಸೆ. ಇಬ್ಬರ ಕಷ್ಟವೂ ನಿಜವೇ. ಆದರೆ ಕಂಪನಿಯವರು ಜಿಎಸ್‌ನಲ್ಲಿ ಹಿಂದಿನ ಶಾಕ್ ಒಂದನ್ನೇ ಬದಲಿಸಿಲ್ಲ. ಮುಂದಿನ ಫೋರ್ಕ್, ಚಕ್ರ, ಹ್ಯಾಂಡಲ್‌ನ ಕೋನ ಎಲ್ಲವನ್ನೂ ಸೇರಿಸಿಯೇ ಹೊಂದಿಸಿದ್ದಾರೆ.

ಹಿಂದೆ ಎತ್ತಿದರೆ ಮುಂದೆ ಬಾಗುತ್ತದೆ

ಶಾಕ್ 1 ಮಿ.ಮೀ. ಕುಗ್ಗಿದರೆ ಚಕ್ರ ಅದಕ್ಕಿಂತ ಹೆಚ್ಚು ಆಡುತ್ತದೆ. ಎರಡು ಪಟ್ಟು ಎಂದೇ ಇಟ್ಟುಕೊಳ್ಳೋಣ. ಆಗ ಕೇವಲ 15 ಮಿ.ಮೀ. ಉದ್ದದ ಶಾಕ್ ಹಾಕಿದರೂ ಬೈಕಿನ ಹಿಂಭಾಗ 30 ಮಿ.ಮೀ. ಮೇಲೇಳುತ್ತದೆ. ಆರ್ ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1,374 ಮಿ.ಮೀ. ಅಷ್ಟು ದೂರಕ್ಕೆ 30 ಮಿ.ಮೀ. ಏರಿದರೆ ಇಡೀ ಬೈಕು ಸುಮಾರು 1.25 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಫೋರ್ಕ್ ಅಷ್ಟು ನೆಟ್ಟಗಾಗುತ್ತದೆ. ಬೈಕನ್ನು ನೇರ ದಾರಿಯಲ್ಲಿ ಹಿಡಿದಿಡುವ 'ಟ್ರೇಲ್' ಎಂಬ ಅಳತೆ ಸುಮಾರು 7 ಮಿ.ಮೀ. ಕಡಿಮೆಯಾಗುತ್ತದೆ.

ಕಾಗದದ ಮೇಲೆ ಇದು ಚಿಲ್ಲರೆ ಲೆಕ್ಕ. ಪೇಟೆಯಲ್ಲಿ ಬೈಕು ಚುರುಕಾಗಿ ತಿರುಗುತ್ತದೆ, ಸವಾರನಿಗೆ ಖುಷಿಯೋ ಖುಷಿ. ಕೃಷ್ಣಗಿರಿ ಹೆದ್ದಾರಿಯಲ್ಲಿ ವೇಗ ಹಿಡಿದಾಗ ಅದೇ ಹ್ಯಾಂಡಲ್ ಅದುರಬಹುದು. ತಾಳವಾಡಿಗೆ ಹೋಗುವ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಮೊದಲೇ ಎತ್ತರವಾಗಿರುವ ಹಿಂದಿನ ಚಕ್ರ ಇನ್ನೂ ಹಗುರವಾಗಿ, ಬೇಗ ಹಿಡಿತ ಬಿಡುತ್ತದೆ.

ಚೈನ್, ಸ್ಟ್ಯಾಂಡ್, ಲೈಟ್

ಸ್ವಿಂಗ್ ಆರ್ಮ್ ಆಡಿದಂತೆಲ್ಲ ಚೈನ್ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಶಾಕ್ ಬದಲಿಸಿ ಎತ್ತರ ಮಾರ್ಪಟ್ಟರೆ ಹಳೆಯ ಸಡಿಲದ ಅಳತೆ ಲೆಕ್ಕಕ್ಕೆ ಬರೋದಿಲ್ಲ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗ ಸರಿ ಕಂಡ ಚೈನ್, ಇಬ್ಬರು ಕೂತು ಗುಂಡಿಗೆ ಇಳಿದಾಗ ತಂತಿಯಂತೆ ಬಿಗಿದು ಬೇರಿಂಗ್ ತಿನ್ನುತ್ತದೆ.

ಹಿಂಭಾಗ ಎತ್ತರವಾದರೆ ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕು ಅತಿಯಾಗಿ ವಾಲುತ್ತದೆ. ಹೆಡ್‌ಲೈಟ್ ಬೆಳಕು ಹತ್ತಿರಕ್ಕೇ ಬಿದ್ದು ದೂರದ ದಾರಿ ಕಾಣದು. ತಗ್ಗಿಸಿದರೆ ಇದರ ಉಲ್ಟಾ: ಬೈಕು ನೆಟ್ಟಗೆ ನಿಂತು ಆ ಕಡೆ ಬೀಳುವ ಭಯ, ಬೆಳಕು ಎದುರಿನವನ ಕಣ್ಣಿಗೆ. ಜೊತೆಗೆ ದೊಡ್ಡ ಗುಂಡಿಯಲ್ಲಿ ಟೈರು ಮೇಲೆ ತಾಗುವ ಸಂಭವ. ಹಿಂದಿನ ಬ್ರೇಕ್ ಪೈಪ್, ಎಬಿಎಸ್ ವೈರು ಹೊಸ ಎತ್ತರದಲ್ಲಿ ಎಳೆದುಕೊಳ್ಳುತ್ತವೆಯೇ ಎಂದೂ ನೋಡಬೇಕು.

ವೆಲ್ಡಿಂಗ್ ಮಾತ್ರ ಬೇಡ

ಇನ್ನೂ ಅಪಾಯದ ಆಸೆಯೊಂದಿದೆ. ಹಳೆಯ ಅಪಾಚೆ ಆರ್‌ಟಿಆರ್ 160ಕ್ಕೆ ಹಿಂದೆ ಎರಡು ಶಾಕ್. 2018ರಲ್ಲಿ ಬಂದ ಆರ್‌ಟಿಆರ್ 160 4ವಿಗೆ ನಡುವೆ ಒಂದೇ ಮೊನೊಶಾಕ್. ಹೆಸರು ಒಂದೇ, ಸಿಸಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಫ್ರೇಮ್ ಬೇರೆ, ಸ್ವಿಂಗ್ ಆರ್ಮ್ ಬೇರೆ. ಹಳೆಯದಕ್ಕೆ ಮೊನೊಶಾಕ್ ಕೂರಿಸಬೇಕಾದರೆ ಫ್ರೇಮಿಗೆ ವೆಲ್ಡಿಂಗ್ ಮಾಡಲೇಬೇಕು. ಎರಡು ಕಡೆ ಹಂಚಿಹೋಗುತ್ತಿದ್ದ ಏಟು ಆಗ ಒಂದೇ ಬೆಸುಗೆಯ ಮೇಲೆ ಬೀಳುತ್ತದೆ. ಆ ಜಾಗಕ್ಕೆ ಅಷ್ಟು ಭಾರ ಬರುತ್ತದೆಂದು ಫ್ರೇಮ್ ಮಾಡಿದವರು ಅಂದುಕೊಂಡೇ ಇರಲಿಲ್ಲ. ಬೆಸುಗೆ ಬಿಡುವುದು ಓಡುವಾಗಲೇ ಹೊರತು ನಿಂತಾಗ ಅಲ್ಲ.

ಗಡಿ ದಾಟಿದರೂ ಕಾನೂನು ಒಂದೇ

ತಮಿಳುನಾಡಿನ ನಂಬರಿರಲಿ, ಕರ್ನಾಟಕದ ನಂಬರಿರಲಿ, ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ತಾಳೆಯಾಗದಂತೆ ವಾಹನ ಬದಲಿಸಬಾರದು ಎನ್ನುತ್ತದೆ ಅದರ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದಾಗ ವಿಮೆ ಕಂಪನಿಯವರೂ ಇದನ್ನೇ ಹಿಡಿದು ತಗಾದೆ ತೆಗೆಯಬಹುದು.

ಸವೆದ ಶಾಕಿನ ಜಾಗಕ್ಕೆ ಅದೇ ಮಾದರಿಯ, ಅದೇ ಪಾರ್ಟ್ ನಂಬರಿನ ಶಾಕ್ ಹಾಕಿಸುವುದು ರಿಪೇರಿ. ಬೇರೆ ಮಾದರಿಯದನ್ನು ತಂದು ಎತ್ತರ ಬದಲಿಸುವುದು ಮಾರ್ಪಾಟು. ಈ ವ್ಯತ್ಯಾಸ ತಿಳಿದಿರಬೇಕು.

ಮೊದಲು ಇಷ್ಟು ಮಾಡಿ

* ಆರ್, ಜಿಎಸ್ ಎರಡರ ಹಿಂದಿನ ಶಾಕಿಗೂ ಪ್ರಿಲೋಡ್ ಹೊಂದಿಸುವ ಸೌಲಭ್ಯ ಕಂಪನಿಯಿಂದಲೇ ಇದೆ. ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗೋದಿಲ್ಲ, ಕೂತಾಗ ಬೈಕು ತಗ್ಗುವುದು ಕಡಿಮೆಯಾಗುತ್ತದೆ.

* ಬೈಕನ್ನು ಎತ್ತಿ ಹಿಂದಿನ ಚಕ್ರ ನೆಲ ಬಿಟ್ಟಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪು ಹಿಡಿಯಿರಿ. ಸವಾರ ಕೂತ ಮೇಲೆ ಮತ್ತೆ ಅಳೆಯಿರಿ. ತಗ್ಗಿದ್ದು ಚಕ್ರದ ಒಟ್ಟು ಆಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗಿದ್ದರೆ ಸರಿ. ಆರ್ ಬೈಕಿಗೆ ಇದು 33ರಿಂದ 44 ಮಿ.ಮೀ.

* ಟೈರಿನ ಗಾಳಿ, ಸ್ವಿಂಗ್ ಆರ್ಮ್ ಬೇರಿಂಗ್, ಶಾಕಿನ ಎಣ್ಣೆ ಸೋರಿಕೆ ನೋಡಿಸಿ. 'ಶಾಕ್ ಸರಿಯಿಲ್ಲ' ಅನ್ನುವ ಎಷ್ಟೋ ದೂರು ಇಲ್ಲೇ ಮುಗಿಯುತ್ತದೆ.

* ಹೆಚ್ಚು ಹೊಂದಾಣಿಕೆಯ ಸಸ್ಪೆನ್ಷನ್ ಬೇಕೆನ್ನುವವರಿಗಾಗಿಯೇ ಟಿವಿಎಸ್ 2021ರಲ್ಲಿ ಆರ್‌ಆರ್ 310ಕ್ಕೆ ಅಂಥ ಕಿಟ್ ತಂದಿತು. ಬೈಕು ಕೊಳ್ಳುವಾಗಲೇ ಇಂಥ ಆಯ್ಕೆ ಇದೆಯೇ ಎಂದು ಷೋರೂಮಿನಲ್ಲಿ ವಿಚಾರಿಸಿ.

ಇಷ್ಟಾದರೂ ಎತ್ತರ ಸಾಲದಿದ್ದರೆ ಆ ಬೈಕು ಆ ದಾರಿಗಲ್ಲ ಎಂದೇ ಅರ್ಥ. ಆರ್ ಮಾರಿ ಸೆಕೆಂಡ್ ಹ್ಯಾಂಡ್ ಜಿಎಸ್ ಕೊಳ್ಳುವುದೇ ಒಳ್ಳೆಯದು. ಅದಕ್ಕೆ ದುಡ್ಡು ಸ್ವಲ್ಪ ಜಾಸ್ತಿ ಬಿದ್ದೀತು, ಆದರೆ ದಿಂಬಂ ಇಳಿಯುವ ಮಗ ಮನೆಗೆ ಬರುತ್ತಾನೆ.