ಕರ್ನಾಟಕದಲ್ಲಿ ದೂರವಾಣಿ ಕದ್ದಾಲಿಕೆ

ದೂರವಾಣಿ ಕದ್ದಾಲಿಕೆ ಎಂದರೆ ಇಬ್ಬರು ವ್ಯಕ್ತಿಗಳು ದೂರವಾಣಿಯಲ್ಲಿ ನಡೆಸುವ ಸಂಭಾಷಣೆಯನ್ನು ಅವರ ಅರಿವಿಗೆ ಬಾರದಂತೆ ಮೂರನೆಯವರು ಆಲಿಸುವುದು ಅಥವಾ ಧ್ವನಿಮುದ್ರಿಸಿಕೊಳ್ಳುವುದು. ಭಾರತದಲ್ಲಿ ಖಾಸಗಿ ವ್ಯಕ್ತಿಗಳು ಹೀಗೆ ಮಾಡುವುದು ಅಪರಾಧ. ಆದರೆ ನಿರ್ದಿಷ್ಟ ಕಾರಣಗಳಿಗಾಗಿ, ನಿರ್ದಿಷ್ಟ ಅಧಿಕಾರಿಯ ಲಿಖಿತ ಆದೇಶದ ಮೇರೆಗೆ ಸರ್ಕಾರವು ಕದ್ದಾಲಿಕೆ ನಡೆಸಲು ಕಾನೂನಿನಲ್ಲಿ ಅವಕಾಶವಿದೆ. ಈ ಅಧಿಕಾರವು ರಾಜ್ಯದ ರಕ್ಷಣೆಗೆ ಬಳಕೆಯಾಗುವುದೋ ಅಥವಾ ಅಧಿಕಾರದಲ್ಲಿರುವವರ ರಕ್ಷಣೆಗೆ ಬಳಕೆಯಾಗುವುದೋ ಎಂಬುದು ಪ್ರಜಾಪ್ರಭುತ್ವದ ಮುಖ್ಯ ಪ್ರಶ್ನೆಗಳಲ್ಲೊಂದು. ಕದ್ದಾಲಿಕೆಯ ಆರೋಪದಿಂದಾಗಿ ಮುಖ್ಯಮಂತ್ರಿಯೊಬ್ಬರು ರಾಜೀನಾಮೆ ನೀಡಿದ ಘಟನೆ ಕರ್ನಾಟಕದಲ್ಲಿ 1988ರಲ್ಲಿ ನಡೆಯಿತು.

ಕಾನೂನಿನ ಹಿನ್ನೆಲೆ

ಬ್ರಿಟಿಷರ ಆಡಳಿತದಲ್ಲಿ ಜಾರಿಗೆ ಬಂದ 1885ರ ಭಾರತೀಯ ತಂತಿ ಕಾಯ್ದೆಯ 5(2)ನೇ ಕಲಮು ಈ ಅಧಿಕಾರದ ಮೂಲ. ಸಾರ್ವಜನಿಕ ತುರ್ತು ಪರಿಸ್ಥಿತಿ ಉಂಟಾದಾಗ ಅಥವಾ ಸಾರ್ವಜನಿಕ ಸುರಕ್ಷತೆಗೆ ಅಗತ್ಯವಾದಾಗ ಮಾತ್ರ ಸರ್ಕಾರವು ಸಂದೇಶಗಳನ್ನು ತಡೆಯಬಹುದು ಎಂಬುದು ಅದರ ಮೊದಲ ಷರತ್ತು. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯನ್ನು ತಡೆಯುವುದು – ಇವುಗಳಲ್ಲಿ ಒಂದು ಕಾರಣವಾದರೂ ಇರಬೇಕು ಎಂಬುದು ಎರಡನೆಯ ಷರತ್ತು. ರಾಜಕೀಯ ಎದುರಾಳಿಯ ಚಲನವಲನವನ್ನು ತಿಳಿಯುವುದು ಈ ಕಾರಣಗಳಲ್ಲಿ ಸೇರಿಲ್ಲ. ಆದರೆ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ಪರಿಶೀಲಿಸುವ ವಿಧಾನವನ್ನು ಕಾಯ್ದೆಯು ದೀರ್ಘಕಾಲ ಹೇಳಿರಲಿಲ್ಲ.

1988ರ ಪ್ರಕರಣ

ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1984ರ ಲೋಕಾಯುಕ್ತ ಕಾಯ್ದೆ ಹಾಗೂ ಪಂಚಾಯತ್ ರಾಜ್ ಸುಧಾರಣೆಗಳು ಅವರ ಅವಧಿಯ ಕೊಡುಗೆಗಳು.

1988ರಲ್ಲಿ ಜನತಾ ಪಕ್ಷದ ಒಳಜಗಳ ತೀವ್ರವಾಗಿದ್ದ ಸಮಯದಲ್ಲಿ ಅಜಿತ್ ಸಿಂಗ್ ಮತ್ತು ಎಚ್.ಡಿ. ದೇವೇಗೌಡರ ನಡುವೆ ನಡೆದದ್ದೆನ್ನಲಾದ ದೂರವಾಣಿ ಸಂಭಾಷಣೆಯ ವಿವರ ಪತ್ರಿಕೆಯಲ್ಲಿ ಬಹಿರಂಗವಾಯಿತು. ರಾಜಕಾರಣಿಗಳೂ ಸೇರಿದಂತೆ ಹಲವರ ದೂರವಾಣಿಗಳನ್ನು ರಾಜ್ಯ ಪೊಲೀಸರು ಆಲಿಸುತ್ತಿದ್ದರೆಂಬ ಆರೋಪ ಇದರ ಬೆನ್ನಲ್ಲೇ ಎದ್ದಿತು. ಆ ಕಾಲದಲ್ಲಿ ದೂರವಾಣಿ ಇಲಾಖೆ ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಕೇಂದ್ರದಲ್ಲಿ ಕಾಂಗ್ರೆಸ್, ರಾಜ್ಯದಲ್ಲಿ ಜನತಾ ಪಕ್ಷ ಆಳುತ್ತಿದ್ದವು. ಆದ್ದರಿಂದ ಈ ವಿಷಯವು ಸಂಸತ್ತಿನಲ್ಲಿಯೂ ದೊಡ್ಡ ವಿವಾದವಾಯಿತು. ಹೆಗಡೆಯವರು ನೈತಿಕ ಹೊಣೆ ಹೊತ್ತು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಸಲ್ಲಿಸಿದರು.

ಆಗಸ್ಟ್ 13ರಂದು ಎಸ್.ಆರ್. ಬೊಮ್ಮಾಯಿಯವರು ಅಧಿಕಾರ ವಹಿಸಿಕೊಂಡರು. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪು ನೀಡಿ, ಸರ್ಕಾರದ ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದು ಹೇಳಿತು. ಹೀಗೆ ಕದ್ದಾಲಿಕೆಯಿಂದ ಆರಂಭವಾದ ರಾಜಕೀಯ ಅಸ್ಥಿರತೆಯ ನಂತರದ ಬೆಳವಣಿಗೆಗಳು ದೇಶದ ಸಂವಿಧಾನ ಚರಿತ್ರೆಯ ಮುಖ್ಯ ತೀರ್ಪೊಂದಕ್ಕೆ ದಾರಿಯಾದವು.

ನ್ಯಾಯಾಲಯದ ಮಾರ್ಗಸೂಚಿಗಳು

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 18ರಂದು ತೀರ್ಪು ನೀಡಿತು. ಮನೆಯಲ್ಲಿ ಅಥವಾ ಕಚೇರಿಯಲ್ಲಿ ಅಡ್ಡಿಯಿಲ್ಲದೆ ದೂರವಾಣಿಯಲ್ಲಿ ಮಾತನಾಡುವುದು ಖಾಸಗಿತನದ ಭಾಗವೆಂದು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ತಂತಿ ಕಾಯ್ದೆಯ ಕಲಮನ್ನು ರದ್ದುಪಡಿಸದೆ, ಅದರ ಬಳಕೆಗೆ ಕೆಲವು ನಿಯಮಗಳನ್ನು ವಿಧಿಸಿತು. ಈ ನಿಯಮಗಳು 2007ರಲ್ಲಿ ತಂತಿ ನಿಯಮಾವಳಿಯ 419-ಎ ನಿಯಮವಾಗಿ ಸೇರಿದವು. ಅವುಗಳ ಸಾರ ಹೀಗಿದೆ:

* ಆದೇಶವನ್ನು ಸಾಮಾನ್ಯವಾಗಿ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ನೀಡಬೇಕು.
* ಆದೇಶದಲ್ಲಿ ಕಾರಣಗಳನ್ನು ಬರೆಯಬೇಕು. ಬೇರೆ ವಿಧಾನದಿಂದ ಮಾಹಿತಿ ಪಡೆಯಲು ಸಾಧ್ಯವೇ ಎಂಬುದನ್ನು ಮೊದಲು ಪರಿಗಣಿಸಬೇಕು.
* ಆದೇಶದ ಅವಧಿ 60 ದಿನ. ನವೀಕರಿಸಿದರೂ ಒಟ್ಟು 180 ದಿನಗಳನ್ನು ಮೀರಬಾರದು.
* ರಾಜ್ಯದ ಆದೇಶಗಳನ್ನು ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿಯು ಪರಿಶೀಲಿಸಬೇಕು.

ಆದೇಶ ನೀಡುವವರೂ ಅದನ್ನು ಪರಿಶೀಲಿಸುವವರೂ ಕಾರ್ಯಾಂಗಕ್ಕೆ ಸೇರಿದವರೇ ಆಗಿರುವುದು ಈ ವ್ಯವಸ್ಥೆಯ ಬಗೆಗಿನ ಪ್ರಮುಖ ಟೀಕೆ. ಕದ್ದಾಲಿಕೆಗೆ ಒಳಗಾದ ವ್ಯಕ್ತಿಗೆ ಅನಂತರವಾದರೂ ವಿಷಯ ತಿಳಿಸಬೇಕೆಂಬ ನಿಯಮವಿಲ್ಲ. ತನಗೆ ಅನ್ಯಾಯವಾಗಿದೆಯೆಂದು ತಿಳಿಯದವನು ನ್ಯಾಯಾಲಯಕ್ಕೆ ಹೋಗಲಾರ. 2023ರ ದೂರಸಂಪರ್ಕ ಕಾಯ್ದೆ ಹಾಗೂ 2024ರ ಡಿಸೆಂಬರ್‌ನ ನಿಯಮಗಳು ಹಳೆಯ ಕಾನೂನಿನ ಸ್ಥಾನಕ್ಕೆ ಬಂದರೂ ಈ ಸ್ವರೂಪ ಮುಖ್ಯವಾಗಿ ಹಾಗೆಯೇ ಉಳಿದಿದೆ.

ಪುಟ್ಟಸ್ವಾಮಿ ಪ್ರಕರಣ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಈ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸರ್ಕಾರವು ಖಾಸಗಿತನದಲ್ಲಿ ಪ್ರವೇಶಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದಲ್ಲಿರಬೇಕು ಎಂಬ ಅಳತೆಗೋಲು ಈ ತೀರ್ಪಿನಿಂದ ದೊರೆಯಿತು.

2019ರ ಬಳಿಕದ ಆರೋಪಗಳು

2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಆ ಸರ್ಕಾರದ ಅವಧಿಯಲ್ಲಿ ರಾಜಕಾರಣಿಗಳ ಮತ್ತು ಅಧಿಕಾರಿಗಳ ದೂರವಾಣಿಗಳನ್ನು ಕದ್ದಾಲಿಸಲಾಗಿತ್ತೆಂಬ ಆರೋಪ ಬಂದಾಗ, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಆಗಸ್ಟ್‌ನಲ್ಲಿ ಸಿಬಿಐ ತನಿಖೆಗೆ ಆದೇಶಿಸಿದರು. ಕುಮಾರಸ್ವಾಮಿಯವರು ಆರೋಪವನ್ನು ನಿರಾಕರಿಸಿದರು.

2021ರ ಜುಲೈನಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಬೇಹುಗಾರಿಕೆ ತಂತ್ರಾಂಶದ ಕುರಿತ ವರದಿಗಳು ಪ್ರಕಟವಾದವು. ಜಿ. ಪರಮೇಶ್ವರ ಅವರ ಸಂಖ್ಯೆ ಹಾಗೂ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವೆಂದು ಅವು ತಿಳಿಸಿದವು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಆ ಫೋನಿನೊಳಗೆ ತಂತ್ರಾಂಶ ಸೇರಿತ್ತೆಂದು ಹೇಳಲಾಗದು. 2021ರ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿಯನ್ನು ನೇಮಿಸಿತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ದುರುದ್ದೇಶದ ತಂತ್ರಾಂಶ ಕಂಡುಬಂದಿತಾದರೂ ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ, ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ತಿಳಿಸಿತು.

ಅಮೆರಿಕದೊಂದಿಗೆ ಹೋಲಿಕೆ

ಅಮೆರಿಕದಲ್ಲಿ 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸೆರೆಸಿಕ್ಕರು. ಅಲ್ಲಿ ಕದ್ದಾಲಿಕೆಯ ಉಪಕರಣಗಳನ್ನು ಅಳವಡಿಸುವುದು ಅವರ ಉದ್ದೇಶವಾಗಿತ್ತು. ಇದನ್ನು ಮುಚ್ಚಿಹಾಕುವ ಪ್ರಯತ್ನ ಬಯಲಾದ ಮೇಲೆ ಅಧ್ಯಕ್ಷ ರಿಚರ್ಡ್ ನಿಕ್ಸನ್ 1974ರ ಆಗಸ್ಟ್ 9ರಂದು ಅಧಿಕಾರ ತ್ಯಜಿಸಿದರು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಗುಪ್ತಚರ ಸಂಸ್ಥೆಗಳು ತಮ್ಮದೇ ನಾಗರಿಕರ ಮೇಲೆ ನಡೆಸಿದ ನಿಗಾವನ್ನು ಹೊರಗೆಡಹಿತು. 1978ರ ಕಾಯ್ದೆಯಿಂದ ವಿದೇಶಿ ಗುಪ್ತಚರ ನಿಗಾಕ್ಕೆ ಅನುಮತಿ ನೀಡುವ ವಿಶೇಷ ನ್ಯಾಯಾಲಯ ಸ್ಥಾಪನೆಯಾಯಿತು. ಆದರೆ 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಹಿರಂಗಪಡಿಸಿದ ದಾಖಲೆಗಳು, ಆ ನ್ಯಾಯಾಲಯದ ಅನುಮತಿಯಡಿಯಲ್ಲಿಯೇ ಕೋಟ್ಯಂತರ ಜನರ ಕರೆಗಳ ವಿವರ ಸಂಗ್ರಹವಾಗುತ್ತಿತ್ತೆಂದು ತೋರಿಸಿದವು. ನ್ಯಾಯಾಧೀಶರ ಅನುಮತಿ ಅಗತ್ಯವಾದ ಕಟ್ಟುಪಾಡು ಹೌದು. ಆದರೆ ಎಲ್ಲವೂ ಗುಟ್ಟಾಗಿ ನಡೆದರೆ ಅದೊಂದೇ ಸಾಲದು.

ಸಾಮಾನ್ಯ ನಾಗರಿಕರು ಮತ್ತು ಆಳಂದದ ಉದಾಹರಣೆ

ಇಂದು ಮೊಬೈಲ್ ಸಂಖ್ಯೆಯು ಮಾತಿಗಷ್ಟೇ ಅಲ್ಲದೆ ಪಡಿತರ, ಬ್ಯಾಂಕು, ಮತದಾರರ ಪಟ್ಟಿ ಮೊದಲಾದ ಸೇವೆಗಳಿಗೂ ಕೀಲಿಯಾಗಿದೆ. ಹೀಗಾಗಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗರಿಗೂ ಈ ವಿಷಯ ಸಂಬಂಧಿಸಿದ್ದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಸ್ಥಳ ಪರಿಶೀಲನೆಯಲ್ಲಿ 24 ಮಾತ್ರ ಸರಿಯೆಂದೂ 5,994 ತಪ್ಪೆಂದೂ ಕಂಡುಬಂದವು. ತಪ್ಪು ಅರ್ಜಿಗಳು ತಿರಸ್ಕೃತವಾಗಿ, 2023ರ ಫೆಬ್ರುವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಅರ್ಜಿಗಳು ಯಾವ ಯಂತ್ರದಿಂದ, ಯಾರ ಕೈಯಿಂದ ಬಂದವೆಂಬ ತಾಂತ್ರಿಕ ವಿವರಗಳನ್ನು ತನಿಖಾಧಿಕಾರಿಗಳು ಚುನಾವಣಾ ಆಯೋಗದಿಂದ ಕೇಳಿದರು. ವಿವರ ಸಾಲದೆಂಬ ದೂರಿಗೆ, ತನ್ನಲ್ಲಿದ್ದ ಮಾಹಿತಿಯನ್ನು ನೀಡಿರುವುದಾಗಿ ಆಯೋಗ ಉತ್ತರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು.

ಇದು ಕದ್ದಾಲಿಕೆಯ ಪ್ರಕರಣವಲ್ಲ. ಆದರೆ ನಾಗರಿಕರ ಕುರಿತ ಮಾಹಿತಿ ಯಾರ ವಶದಲ್ಲಿದೆ, ಅದು ಯಾರಿಗೆ ಉತ್ತರಿಸಬೇಕು ಎಂಬ ಅದೇ ಪ್ರಶ್ನೆ ಇಲ್ಲಿಯೂ ಇದೆ. ಆಳಂದದಲ್ಲಿ ಅಕ್ರಮವನ್ನು ತಡೆದದ್ದು ಮನೆಮನೆಗೆ ಹೋಗಿ ವಿಚಾರಿಸಿದ ಪರಿಶೀಲನೆ. ಕದ್ದಾಲಿಕೆಯ ಆದೇಶಗಳಿಗೆ ಅಂತಹ ಬಹಿರಂಗ ಪರಿಶೀಲನೆಯ ಏರ್ಪಾಡು ಭಾರತದಲ್ಲಿ ಇನ್ನೂ ಇಲ್ಲ.