ಹಮಾಲಿಯ ಬೆನ್ನೇರಿದ ಮದ್ದು

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದು ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಒಂದೇ ತೊಂದರೆ, ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಬೆರೆಸಿ, ಸಾಮಾನ್ಯವಾಗಿ 3 ಗಂಟೆ ಡ್ರಿಪ್ ಹಾಕುತ್ತಾರೆ. ಆ ದ್ರಾವಕ ಕೆಲವರಿಗೆ ಒಗ್ಗುವುದಿಲ್ಲ. ಅಲರ್ಜಿ ಆಗದಿರಲೆಂದು ಮೊದಲೇ ಸ್ಟೀರಾಯ್ಡ್ ಕೊಡಬೇಕು. ಸ್ತನ ಕ್ಯಾನ್ಸರ್ ಆಗಿದ್ದ ನನ್ನ ಅಕ್ಕ ಕಾಯಿಲೆಗಿಂತ ಈ ಡ್ರಿಪ್ಪಿಗೇ ಹೆದರುತ್ತಿದ್ದಳು.

ಉಪಾಯ ನಮ್ಮ ರಕ್ತದಲ್ಲೇ ಇತ್ತು. ಮಕ್ಕಳೇ, ಅಲ್ಬುಮಿನ್ ಎಂಬ ಪ್ರೋಟೀನು ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ, ಅಂದರೆ ನಿಸರ್ಗದ್ದೇ ಪಾಲಿಮರ್. ರಕ್ತದಲ್ಲಿ ಕೊಬ್ಬಿನ ಅಂಶ ಹೊರುವ ಹಮಾಲಿಯೂ ಹೌದು. ವಿಜ್ಞಾನಿಗಳು ಮದ್ದನ್ನೂ ಅದರ ಬೆನ್ನಿಗೇರಿಸಿ ಸುಮಾರು 130 ನ್ಯಾನೋಮೀಟರಿನ ಕಣಗಳನ್ನು ಮಾಡಿದರು. ಒಂದು ತಲೆಗೂದಲಿನ ಅಡ್ಡಗಲಕ್ಕೆ ಇಂಥವು ನೂರಾರು ಹಿಡಿಸುತ್ತವೆ! 2005ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ದ್ರಾವಕದ ಗೊಡವೆಯಿಲ್ಲ, ಸ್ತನ ಕ್ಯಾನ್ಸರಿಗಾದರೆ ಡ್ರಿಪ್ 30 ನಿಮಿಷದಲ್ಲಿ ಮುಗಿಯುತ್ತದೆ.

ಗಡ್ಡೆಗೆ ಹೆಚ್ಚು ಮದ್ದು ಸೇರಲೆಂಬುದೇ ಉದ್ದೇಶ. ಆದರೆ ಇದು ವಿಳಾಸ ಬರೆದ ರಿಜಿಸ್ಟರ್ಡ್ ಅಂಚೆಯಷ್ಟು ಕರಾರುವಾಕ್ಕಲ್ಲ. ಕೂದಲು ಇದರಲ್ಲೂ ಉದುರುತ್ತದೆ, ಕೈಕಾಲು ಜುಮುಗುಡುತ್ತದೆ, ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಬೆಲೆಯೂ ಜಾಸ್ತಿ.

ಇನ್ನೊಂದು ಮಾತು, ಗುಮಾಸ್ತನ ಚಾಳಿ ಅಂದುಕೊಳ್ಳಿ: ಬಾಟಲಿಯ ಚೀಟಿಯನ್ನು ಪೂರ್ತಿ ಓದಿ. ಎರಡರಲ್ಲೂ ಪ್ಯಾಕ್ಲಿಟ್ಯಾಕ್ಸೆಲ್ ಎಂದೇ ಇದ್ದರೂ ಕೊಡುವ ಪ್ರಮಾಣ ಬೇರೆ; ಒಂದರ ಬದಲಿಗೆ ಇನ್ನೊಂದನ್ನು ಹಾಗೇ ಹಾಕುವಂತಿಲ್ಲ.